ಕೆಂಪು ಬಟ್ಟೆಯ ಗೂಟಗಳು

ಕಳೆದ ಚಳಿಗಾಲದಲ್ಲಿ ಸಂಬಂಧಿಕರ ಮನೆಯ ಮುಂಜಿಗೆಂದು ಗೋಕರ್ಣದ ಕಡೆ ಹೋಗಿದ್ದೆವು. ಸಂಜೆ ಕಡಲ ದಂಡೆಗೆ ಇಳಿದಾಗ ಜನರೆಲ್ಲ ಮುಳುಗುವ ಸೂರ್ಯನ ಫೋಟೋ ತೆಗೆಯುವುದರಲ್ಲಿದ್ದರು. ಬಂಡೆಗಳ ಮರೆಯಲ್ಲಿ ಮಾತ್ರ ನಡುವಯಸ್ಸಿನ ಮೂವರು ಗಂಡಸರು ಚಾಪೆ ಹಾಸಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕುಳಿತಿದ್ದರು. ಒಬ್ಬೊಬ್ಬರ ಮುಂದೂ ಇಟ್ಟಿಗೆ ಗಾತ್ರದ ರೇಡಿಯೋ. ಒಂದು ಗಾಳಿಮರದಿಂದ ಇನ್ನೊಂದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ತಂತಿ. ಪೊಲೀಸ್ ಪೇದೆಯೊಬ್ಬ ಅವರ ಸುತ್ತ ಸುಳಿದಾಡಿ, ಕಡೆಗೆ ತಡೆಯಲಾರದೆ ಕೇಳಿಯೇಬಿಟ್ಟ.

"ಎಂತದ್ರೀ ಇದು? ಯಾರ ಹತ್ರ ಮಾತಾಡ್ತಾ ಇದ್ರಿ?"

"ಮಾತಾಡೋದಿಲ್ಲ ಸರ್, ಬರೀ ಕೇಳೋದು. ದೂರದ ಸ್ಟೇಷನ್‌ಗಳು. ಕಡಲ ಹತ್ರ ಚೆನ್ನಾಗಿ ಸಿಗ್ತವೆ" ಎಂದ ಅವರಲ್ಲೊಬ್ಬ.

ಪೇದೆ ನಂಬಲಿಲ್ಲ. ಅವನ ಕಣ್ಣು ರೇಡಿಯೋದಿಂದ ತಂತಿಗೆ, ತಂತಿಯಿಂದ ಕಡಲಿಗೆ ಹೋಗಿಬಂತು. ಆ ನೋಟವನ್ನು, ಆ ಪ್ರಶ್ನೆಯನ್ನು ಒಂದು ಮಳೆಗಾಲದಲ್ಲಿ ಕಂಡವಳು ನಾನು, ಅದೂ ಕಡಲ ಸುಳಿವೇ ಇಲ್ಲದ, ಕಲಬುರಗಿ ಬಳಿಯ ಕಮಲಾಪುರದಲ್ಲಿ. ನನ್ನ ಗಂಡ ಶ್ರೀನಿವಾಸ ಆಗಲೇ ಚಪ್ಪಲಿ ಕೈಯಲ್ಲಿ ಹಿಡಿದು ಬಂಡೆಗಳ ಕಡೆ ನಡೆದುಬಿಟ್ಟಿದ್ದರು.

ಆ ವರ್ಷ ಕಮಲಾಪುರದ ದನದ ದವಾಖಾನೆಗೆ ಡಾಕ್ಟರಾಗಿ ನನ್ನನ್ನು ವರ್ಗ ಮಾಡಿದ್ದರು. ಮಗಳು ಧಾರವಾಡದಲ್ಲಿ ಓದುತ್ತಿದ್ದಳು. ಕಲಬುರಗಿಯ ಮನೆಗೆ ಬೀಗ ಹಾಕಿ ಇಲ್ಲೇ ಒಂದು ಬಾಡಿಗೆ ಮನೆ ಹಿಡಿದೆವು. ಶ್ರೀನಿವಾಸ ಅವರದು ನಂದೂರಿನ ಬೇಳೆ ಮಿಲ್ಲೊಂದರಲ್ಲಿ ಮೋಟಾರು, ವೈರಿಂಗು ನೋಡಿಕೊಳ್ಳುವ ಕೆಲಸ. ಮುಂಜಾನೆ ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತಿದರೆ, ಕಲಬುರಗಿಯಲ್ಲಿ ಇನ್ನೊಂದು ಬಸ್ಸು ಹಿಡಿದು ನಂದೂರು ಮುಟ್ಟಬೇಕು. ಮನೆಗೆ ಬರುವುದು ದೀಪ ಹಚ್ಚುವ ಹೊತ್ತಿಗೆ.

ಊಟಕ್ಕೆ ಬಡಿಸುತ್ತ ನಾನು ದಿನವೂ ಒಂದೇ ಮಾತು ಕೇಳುತ್ತಿದ್ದೆ: "ಇವತ್ತ ಮಿಲ್ಲಿನ್ಯಾಗ ಏನಾತ್ರಿ?" ಮದುವೆಯಾದಾಗಿನಿಂದ ಇದ್ದ ರೂಢಿ. ಅವರು ಹೆಚ್ಚು ಮಾತಿನವರಲ್ಲ. "ಏನಿಲ್ಲ, ಬೆಲ್ಟ್ ಕಡೀತು" ಅಂದರೆ ಅಲ್ಲಿಗೆ ಮುಗಿಯಿತು. ಆ ಮಳೆಗಾಲದಲ್ಲಿ ಮಾತ್ರ ಅವರಿಗೆ ಎಲ್ಲಿಲ್ಲದ ಮಾತು ಬಂತು. ಮಿಲ್ಲಿನ ಲೆಕ್ಕ ಬರೆಯುವ ಮುನೀಮ ಬಷೀರ್ ಚಾಚಾನ ಮಗಳಿಗೆ ಬೀದರಿನ ಕಡೆಯ ವರ ಗೊತ್ತಾಯಿತು. ವರನ ಮನೆಯವರು ಫರ್ನಿಚರ್ ಕೇಳಿದರು. ಚಾಚಾ ಮುನಿಸಿಕೊಂಡು ಸಂಬಂಧವೇ ಬೇಡವೆಂದರು. ಹುಡುಗಿ ಎರಡು ದಿನ ಊಟ ಬಿಟ್ಟಳು, ವರನೇ ಬಂದು ಫರ್ನಿಚರ್ ಬೇಡ ಎಂದ. ಸೀರಿಯಲ್ ನೋಡುವ ಅಭ್ಯಾಸವಿಲ್ಲದ ನನಗೆ ಇದೇ ಸೀರಿಯಲ್ಲಾಯಿತು. ಮದುವೆ ಗಟ್ಟಿಯಾಯಿತೆಂದು ಕೇಳಿದ ದಿನ ಎಷ್ಟು ಖುಷಿಯಾಯಿತೆಂದರೆ, ಕಲಬುರಗಿಗೆ ಹೋದಾಗ ಆ ಹುಡುಗಿಗೆಂದು ಹಸಿರು ಇಳಕಲ್ ಸೀರೆಯೊಂದನ್ನು ತಂದು ಅವರ ಕೈಗಿತ್ತೆ. "ಚಾಚಾಗ ಕೊಡ್ರಿ, ನಮ್ಮ ಕಡಿಂದ ಅಂತ ಹೇಳ್ರಿ." ಅವರು ಪೊಟ್ಟಣವನ್ನು ಬಹಳ ಹೊತ್ತು ನೋಡಿ ಚೀಲದಲ್ಲಿಟ್ಟುಕೊಂಡರು.

ಶ್ರಾವಣ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಶರಣಪ್ಪ ದವಾಖಾನೆಗೆ ಬಂದ. ಕೆರೆಯ ಬದಿಗೆ ಕೆಂಪು ಬಾಳೆ ಬೆಳೆಯುವ ರೈತ, ಐದಾರು ಎಮ್ಮೆ ಸಾಕಿದವನು. ಯಾವಾಗಲೂ ಎಮ್ಮೆಯನ್ನೋ ಕರುವನ್ನೋ ಹೊಡೆದುಕೊಂಡು ಬರುತ್ತಿದ್ದವನು ಆ ದಿನ ಬರಿಗೈಲಿ ಬಂದು, ಕೂಡ್ರೆಂದರೂ ಕೂಡದೆ ಬಾಗಿಲಲ್ಲಿ ನಿಂತ.

"ಡಾಕ್ಟರ್ ಬಾಯಿ, ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮನಿಯವ್ರು ನಮ್ಮ ಹೊಲ ಯಾಕ ಅಳಿಯಾಕತ್ತಾರ್ರಿ?"

ನನಗೆ ನಗು ಬಂತು. "ಅವ್ರು ನಂದೂರ ಮಿಲ್ಲಿನ್ಯಾಗ ಇರ್ತಾರ ಶರಣಪ್ಪ. ನೀ ಬ್ಯಾರೆ ಯಾರನ್ನರೆ ನೋಡಿರಬೇಕು."

"ಇಲ್ರಿ ಬಾಯಿ. ದಿನಾ ಕೆರಿ ಕಡೆ ಇರ್ತಾರ. ಬದುವಿನ ಮ್ಯಾಲ ಗೂಟ ಹೊಡದಾರ, ಗೂಟಕ್ಕ ಕೆಂಪು ಬಟ್ಟಿ ಕಟ್ಯಾರ, ಉದ್ದಕ ವೈರ್ ಎಳದಾರ. ಕಿವ್ಯಾಗ ಏನೋ ಹಾಕ್ಕೊಂಡು ಫೋನಿನ್ಯಾಗ ನಂಬರ ಹೇಳ್ತಾರ. ಆರು ಸಾವಿರದ ನೂರಾ ಐವತ್ತು, ಒಂಬತ್ತು ಸಾವಿರದ ಆರುನೂರು. ಯಾರ ಜಮೀನು ಎಷ್ಟು ಅಂತ ಯಾರಿಗೆ ಹೇಳಾಕತ್ತಾರ ಅವ್ರು?"

ಅವನು ಸುಳ್ಳು ಹೇಳುವ ಮನುಷ್ಯನಾಗಿರಲಿಲ್ಲ. ಆ ದಿನಗಳಲ್ಲಿ ನಮ್ಮ ಸೀಮೆಯ ರೈತರಿಗೆ ಗೂಟ ಮತ್ತು ಕೆಂಪು ಬಣ್ಣವೆಂದರೆ ಎದೆ ಧಸಕ್ಕೆನ್ನುತ್ತಿತ್ತು. ಇವತ್ತು ಗೂಟ ಬಂದರೆ ನಾಳೆ ನೋಟಿಸು ಬರುತ್ತದೆ, ನಾಡಿದ್ದು ಜೆಸಿಬಿ. ನಾನು "ವಿಚಾರಿಸ್ತೀನಿ" ಎಂದು ಅವನನ್ನು ಕಳಿಸಿದೆ. ಕಳಿಸಿದ ಮೇಲೆ ಕೈಗೆ ಕೆಲಸ ಹತ್ತಲಿಲ್ಲ.

ಆ ಸಂಜೆ ಅವರು ಮನೆಗೆ ಬಂದಾಗ ಮೊದಲ ಸಲ ನನ್ನ ಗಂಡನನ್ನು ಹೊಸಬರನ್ನು ನೋಡಿದ ಹಾಗೆ ನೋಡಿದೆ. ಬೇಳೆ ಮಿಲ್ಲಿನಲ್ಲಿ ದುಡಿಯುವವರ ಅಂಗಿಯಲ್ಲಿ ತೊಗರಿಯ ಹಳದಿ ಪುಡಿ ಇದ್ದೇ ಇರುತ್ತದೆ. ಜೇಬು ತಿರುವಿದರೆ ಹೊಟ್ಟು ಉದುರುತ್ತದೆ, ನೆನೆಹಾಕಿದ ಬಕೀಟಿನ ನೀರು ಹಳದಿಯಾಗುತ್ತದೆ. ಎಷ್ಟು ದಿನದಿಂದ ನೀರು ಹಳದಿಯಾಗಿಲ್ಲ? ಅವರ ಪ್ಯಾಂಟಿನ ಅಂಚಿಗೆ ಎರೆಮಣ್ಣು ಮೆತ್ತಿತ್ತು. ಅಂಗಿಯ ತೋಳಿಗೆ ಬಾಳೆಯ ಕರೆ. ಒಗೆಯುವಾಗ ಉಜ್ಜಿದರೂ ಹೋಗದ ಆ ಕಲೆಯನ್ನು ಗ್ರೀಸೆಂದು ತಿಳಿದಿದ್ದೆ.

"ಬಸ್ ರಶ್ ಇತ್ತೇನ್ರಿ?" ಎಂದೆ.

"ಭಾಳ. ಒಬ್ಬಾಕಿ ಮುದುಕಿ ಕೋಳಿ ತಗೊಂಡು ಹತ್ತಿದ್ಲು, ಕಂಡಕ್ಟರ್ ಕೋಳಿಗೂ ಟಿಕೀಟ್ ತಗೋ ಅಂದ." ಅವರು ನಕ್ಕರು. ಆ ಮುದುಕಿಯ ಜಗಳವನ್ನು ಅವಳ ದನಿಯಲ್ಲೇ ಮಾಡಿ ತೋರಿಸಿದರು. ನಾನು ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ಕೋಳಿ ಎಲ್ಲಿಂದ ಬಂತು ಎಂದು ಯೋಚಿಸುತ್ತಿದ್ದೆ.

ಎರಡು ದಿನ ಬಿಟ್ಟು ಔಷಧ ತರುವ ಕೆಲಸಕ್ಕೆ ಕಲಬುರಗಿಗೆ ಹೋದವಳು ನೆಹರು ಗಂಜಿನ ಕಡೆ ಹೊರಳಿದೆ. ಬಷೀರ್ ಚಾಚಾನ ತಮ್ಮನದು ಅಲ್ಲಿ ಕಾಳಿನ ಅಂಗಡಿ ಇದೆಯೆಂದು ಗೊತ್ತಿತ್ತು. ಅವನನ್ನು ಕೇಳಿದರಾಯಿತು ಎಂದುಕೊಂಡು ಹೋದರೆ, ಗಾದಿಯ ಮೇಲೆ ಚಾಚಾನೇ ಕುಳಿತಿದ್ದರು.

"ಅರೆ ಮೇಡಂ, ಆವೋ ಆವೋ, ಕೂಡ್ರಿ. ಸಾಹೇಬ್ರು ಹ್ಯಾಂಗ ಅದಾರ? ಎಲ್ಲೆರೆ ಕೆಲಸ ಸಿಕ್ತೇನು?"

"ಮಿಲ್ಲು…" ಎಂದೆ.

"ಮಿಲ್ ಬಂದ್ ಆಗಿ ಎಷ್ಟ ದಿನ ಆತ್ರಿ! ಪಾರ್ಟ್ನರ್‌ಗೋಳ ಝಗಡಾ ನೋಡ್ರಿ, ಮೃಗಶಿರ ಮಳೀಗೇ ಬೀಗ ಬಿತ್ತು. ಸಾಹೇಬ್ರು ಹೇಳಿಲ್ಲೇನು?"

"ಹೇಳ್ಯಾರ, ಹೇಳ್ಯಾರ" ಎಂದೆ. ಎದ್ದುಬಿಡಬೇಕಿತ್ತು. ಆದರೂ ಮನಸ್ಸು ತಡೆಯಲಿಲ್ಲ. "ಮಗಳ ಮದವಿ ತಯಾರಿ ಎಲ್ಲಿಗೆ ಬಂತು ಚಾಚಾ?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಯಾರ ಮಗಳ್ರಿ? ನನಗ ಇಬ್ರೂ ಗಂಡಮಕ್ಕಳೇ. ಖುದಾ ಮಗಳನ್ನ ಕೊಡಲಿಲ್ಲ."

ಗಂಜಿನಲ್ಲಿ ಹಮಾಲರು ಚೀಲ ಹೊತ್ತು "ಬಾಜು, ಬಾಜು" ಎನ್ನುತ್ತ ಓಡಾಡುತ್ತಿದ್ದರು. ನಾನು ಯಾವ ಕಡೆ ಸರಿಯಬೇಕೆಂದು ತಿಳಿಯದೆ ನಡುದಾರಿಯಲ್ಲೇ ನಿಂತಿದ್ದೆ.

ಕಮಲಾಪುರಕ್ಕೆ ಮರಳಿ, ಬಸ್ಸಿನಿಂದ ಇಳಿದವಳು ಮನೆಗೆ ಹೋಗದೆ ನೇರ ಕೆರೆಯ ಕಡೆ ನಡೆದೆ. ದಾರಿಯುದ್ದ ತಲೆಯಲ್ಲಿ ಏನೇನೋ ಓಡಿತು. ಯಾರನ್ನೋ ಭೇಟಿಯಾಗುತ್ತಾರೆ. ಯಾವುದೋ ಕಂಪನಿಯವರ ಕೈಗೆ ಸಿಕ್ಕಿದ್ದಾರೆ. ಆ ಸೀರೆ ಯಾರ ಮೈಮೇಲಿದೆಯೋ. ಹೊತ್ತು ಇಳಿಯುತ್ತಿತ್ತು. ಮಳೆ ಹೊಯ್ದು ನಿಂತಿದ್ದರಿಂದ ಎರೆಮಣ್ಣು ಚಪ್ಪಲಿಗೆ ಹತ್ತಿ ಹೆಜ್ಜೆ ಹೆಜ್ಜೆಗೂ ಕಾಲು ಭಾರವಾಗುತ್ತಿತ್ತು. ಬಾಳೆತೋಟ ದಾಟಿದ ಕೂಡಲೇ ಮೊದಲು ಗೂಟಗಳು ಕಂಡವು. ಸಣ್ಣ ಬಿದಿರ ಗೂಟಗಳು, ಪ್ರತಿಯೊಂದಕ್ಕೂ ಕೆಂಪು ಚಿಂದಿ. ಚಿಂದಿಯ ಗುರುತು ಹತ್ತಿತು, ಸೀರೆಯೊಳಗೆ ಉಡುವ ನನ್ನ ಹಳೆಯ ಪರಕಾರದ್ದು. ಗೂಟದಿಂದ ಗೂಟಕ್ಕೆ ಓಡಿದ ತಂತಿಯ ಕೊನೆಗೆ, ಕೆರೆಯ ಒಡ್ಡಿನ ಮೇಲೆ, ನನ್ನ ಗಂಡ ಕುಳಿತಿದ್ದರು. ಮಡಿಲಲ್ಲಿ ರೇಡಿಯೋ.

ಆ ರೇಡಿಯೋ ನನಗೆ ಹೊಸದಲ್ಲ. ಮದುವೆಗೆ ಮುಂಚೆ ಕಾರವಾರದಲ್ಲಿ ಕೆಲಸಕ್ಕಿದ್ದಾಗ ಅವರಿಗೆ ಈ ಚಟ ಹತ್ತಿತ್ತು. ಸಂಜೆ ಕಡಲ ದಂಡೆಗೆ ಹೋಗಿ, ಉದ್ದ ತಂತಿ ಎಳೆದು, ಎಲ್ಲೆಲ್ಲಿಯದೋ ದೇಶದ ಸ್ಟೇಷನ್ ಹುಡುಕುವುದು. ಸಿಕ್ಕರೆ ಎಷ್ಟನೇ ನಂಬರಿನಲ್ಲಿ ಸಿಕ್ಕಿತೆಂದು ಗುರುತು ಮಾಡಿಕೊಳ್ಳುವುದು. ಮನೆಯೊಳಗೆ ಎಲ್‌ಇಡಿ ಬಲ್ಬು, ಇನ್ವರ್ಟರುಗಳ ಗೊರ್‌ ಸದ್ದಿನಲ್ಲಿ ಏನೂ ಕೇಳುವುದಿಲ್ಲವೆಂದು ಅದನ್ನು ಅಲಮಾರಿಯ ಮೇಲೆ ಇಟ್ಟುಬಿಟ್ಟಿದ್ದರು. ಅದು ಅಲ್ಲಿಲ್ಲ ಎನ್ನುವುದನ್ನೂ ನಾನು ಗಮನಿಸಿರಲಿಲ್ಲ.

"ಅಹೋ" ಎಂದು ಕರೆದೆ. ಕೇಳಿಸಲಿಲ್ಲ. ಹತ್ತಿರ ಹೋಗಿ ಹೆಡ್‌ಫೋನ್ ಎಳೆದೆ.

ಅವರು ಬೆಚ್ಚಿ ತಿರುಗಿದರು. ನಾನು ಕೇಳಿದೆ: "ಇವತ್ತ ಬಸ್ ರಶ್ ಇತ್ತೇನ್ರಿ?"

ಅವರ ಮುಖ ಕಪ್ಪಿಟ್ಟಿತು.

"ಬಷೀರ್ ಚಾಚಾಗ ಮಗಳೇ ಇಲ್ಲ" ಎಂದೆ.

ಅವರು ಪಕ್ಕದ ಚೀಲದಿಂದ ಪೊಟ್ಟಣ ತೆಗೆದು ನನ್ನ ಮುಂದಿಟ್ಟರು. ಅಂಗಡಿಯ ಕಾಗದವೂ ಬಿಚ್ಚಿರಲಿಲ್ಲ. "ಇದನ್ನ ಏನ್ ಮಾಡಬೇಕಂತ ತಿಳೀಲಿಲ್ಲ ಸುಧಾ. ದಿನಾ ತರ್ತಿದ್ದೆ, ದಿನಾ ವಾಪಸ್ ಒಯ್ತಿದ್ದೆ."

"ಹೇಳ್ಲಿಕ್ಕೆ ಏನಾಗಿತ್ತು ನಿಮಗ?"

"ಮೊದಲ್ನೇ ದಿನ ಹೇಳಬೇಕಂತನ ಬಂದೆ. ನೀ ಬಡಿಸ್ಕೋತ 'ಮಿಲ್ಲಿನ್ಯಾಗ ಏನಾತು' ಅಂತ ಕೇಳ್ದಿ. ಬಾಯಿ ತೆಗದೆ. ಬಾಯಾಗಿಂದ ಚಾಚಾನ ಮಗಳು ಬಂದ್ಲು. ನೀ ಎಷ್ಟು ಖುಷಿಲೆ ಕೇಳ್ದಿ ಅಂದ್ರ, ಮರುದಿನ ನಿಲ್ಲಸ್ಲಿಕ್ಕೆ ಆಗಲಿಲ್ಲ. ಎರಡ್ಮೂರು ಕಡೆ ಕೆಲಸ ಕೇಳೀನಿ, ಸುಗ್ಗಿ ಬರಲಿ ಅಂತಾರ. ಸಿಕ್ಕ ಮ್ಯಾಲ ಹೇಳೋಣಂತ…"

ಕೆಲಸ ಹೋದದ್ದಕ್ಕೆ ನನಗೆ ಸಿಟ್ಟಿರಲಿಲ್ಲ. ಒಬ್ಬರ ಬ್ಯಾಂಕಿನ ಖಾತೆ ಇನ್ನೊಬ್ಬರು ನೋಡುವ ರೂಢಿ ನಮ್ಮಲ್ಲಿಲ್ಲ, ಮನೆ ನನ್ನ ಪಗಾರದಲ್ಲೇ ನಡೆದಿತ್ತು. ಉರಿದದ್ದು ಆ ಹುಡುಗಿಯ ಸಲುವಾಗಿ. ಅವಳು ಊಟ ಬಿಟ್ಟಳೆಂದು ಕೇಳಿದ ದಿನ ನನಗೂ ತುತ್ತು ಇಳಿದಿರಲಿಲ್ಲ. ಆ ಕೋಳಿ, ಆ ಮುದುಕಿ, ಎಲ್ಲವನ್ನೂ ಇಷ್ಟು ಸಲೀಸಾಗಿ ಹುಟ್ಟಿಸಬಲ್ಲ ಮನುಷ್ಯನ ಯಾವ ಮಾತನ್ನು ನಂಬುವುದು? ಈ ರೇಡಿಯೋವಾದರೂ ನಿಜವೇ? ಹೆಡ್‌ಫೋನನ್ನು ನಾನೇ ಕಿವಿಗೆ ಹಾಕಿಕೊಂಡೆ. ಹುರಿಯುವ ಸದ್ದು. ಅದರ ನಡುವೆ ಒಬ್ಬ ಹೆಂಗಸಿನ ದನಿ ಏಳುತ್ತ ಬೀಳುತ್ತ ಏನೋ ಹೇಳುತ್ತಿತ್ತು.

"ಯಾರಿಕಿ?" ಎಂದೆ.

"ಗೊತ್ತಿಲ್ಲ. ಪೂರ್ವ ಆಫ್ರಿಕಾದ ಕಡೆ ಭಾಷಾ ಇರಬೇಕು. ಸ್ಟೇಷನ್ ಹೆಸರು ಇನ್ನೂ ಹೇಳಿಲ್ಲ. ಹೊತ್ತು ಮುಳುಗೋ ಮುಂದ ಇಷ್ಟ ಕೇಳ್ತದ, ಆಮ್ಯಾಲ ಹೋಗ್ತದ."

ಆಗಲೇ ಹಿಂದೆ ಹೆಜ್ಜೆಯ ಸದ್ದಾಯಿತು. ಶರಣಪ್ಪ, ಅವನ ಜೊತೆ ಅಕ್ಕಪಕ್ಕದ ಹೊಲದ ನಾಲ್ಕೈದು ಮಂದಿ. ಒಬ್ಬ ಆಗಲೇ ತಂತಿಯನ್ನು ಮೊಣಕೈಗೆ ಸುತ್ತಿಕೊಳ್ಳುತ್ತ ಬರುತ್ತಿದ್ದ. ಇನ್ನೊಬ್ಬ ಫೋನು ಎತ್ತಿ ವಿಡಿಯೋ ಮಾಡುತ್ತಿದ್ದ.

"ರೇಡಿಯೋ ಕೇಳ್ಲಿಕತ್ತೀನ್ರಿ, ಮತ್ತೇನಿಲ್ಲ" ಎಂದು ನನ್ನ ಗಂಡ ಎದ್ದು ನಿಂತರು. "ದನ ಎಡವಬಾರದಂತ ಗೂಟಕ್ಕ ಬಟ್ಟಿ ಕಟ್ಟೀನಿ. ಬೇಕಾದ್ರ ನೀವೇ ಕೇಳ್ರಿ."

ಶರಣಪ್ಪ ಹೆಡ್‌ಫೋನನ್ನು ಹಾವು ಹಿಡಿದ ಹಾಗೆ ಹಿಡಿದು ಕಿವಿಗೆ ಒತ್ತಿಕೊಂಡ. ಕೇಳುತ್ತ ಕೇಳುತ್ತ ಅವನ ಹುಬ್ಬು ಗಂಟಿಕ್ಕಿತು.

"ಇದು ಯಾವ ಭಾಷಾರಿ? ಕನ್ನಡಲ್ಲ, ಹಿಂದೀನೂ ಅಲ್ಲ."

"ಆಫ್ರಿಕಾ ಕಡೀದ್ರಿ."

"ಅಂದ್ರ ಕಂಪನಿ ಫಾರಿನ್‌ದು!" ಎಂದ ತಂತಿ ಸುತ್ತುತ್ತಿದ್ದವನು.

ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು. ನಂಬರು ಯಾಕೆ ಹೇಳುತ್ತೀರಿ, ಫೋನಿನಲ್ಲಿ ಹೇಳಿ ರೆಕಾರ್ಡ್ ಮಾಡಿಟ್ಟುಕೊಳ್ಳುವುದು ಸ್ಟೇಷನ್ನಿನ ನಂಬರಾದರೆ ನಮ್ಮ ಹೊಲದ ಮೇಲೇ ಯಾಕೆ ಬೇಕು, ತಂತಿ ಸೀದಾ ಸರ್ವೆ ಕಲ್ಲಿನ ಗುಂಟ ಹೆಂಗೆ ಬಂತು. ನನ್ನ ಗಂಡ ಏನು ಹೇಳಿದರೂ ಹೊಸದೊಂದು ಅನುಮಾನ ಹುಟ್ಟುತ್ತಿತ್ತು. ಕಡೆಗೆ ಶರಣಪ್ಪ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ ನನ್ನ ಕಡೆ ತಿರುಗಿದ.

"ಡಾಕ್ಟರ್ ಬಾಯಿ, ನೀವು ಹೇಳ್ರಿ. ನಮ್ಮ ದನಾ ನಿಮ್ಮ ಕೈಯಾಗ ಕೊಡ್ತೀವಿ, ನಿಮ್ಮ ಮಾತ ನಂಬ್ತೀವಿ. ಇವರು ಖರೇ ಹೇಳಾಕತ್ತಾರೇನು?"

ಇಡೀ ದಿನ ಬಿಟ್ಟು ಆ ಗಳಿಗೆಯಲ್ಲಿ ಅದನ್ನು ಕೇಳಬೇಕೆ? ಗಂಜಿನಿಂದ ಆಗಷ್ಟೇ ಬಂದಿದ್ದೆ. ಖರೇ ಎಂಬ ಶಬ್ದಕ್ಕೆ ಆ ಸಂಜೆ ನನ್ನಲ್ಲಿ ಅರ್ಥವೇ ಉಳಿದಿರಲಿಲ್ಲ. ನಾನು ಗಂಡನ ಮುಖ ನೋಡಿದೆ. ಅವರು ನನ್ನನ್ನು ನೋಡಲಿಲ್ಲ, ನೆಲ ನೋಡುತ್ತಿದ್ದರು. ಕೆರೆಯಲ್ಲಿ ಒಂದು ಕೊಕ್ಕರೆ ಎದ್ದು ಹಾರಿ, ಆಚೆ ದಡ ಮುಟ್ಟಿ ಇಳಿಯಿತು.

"ಹೌದು. ಖರೇನ ಹೇಳ್ಲಿಕತ್ತಾರ" ಎಂದೆ.

"ಆತ್ರಿ ಬಾಯಿ" ಎಂದ ಶರಣಪ್ಪ. ಆದರೆ ತಂತಿಯನ್ನು ಕೊಡಲಿಲ್ಲ. ಅವನೂ ಜೊತೆಯವರೂ ಗೂಟಗಳನ್ನು ಒಂದೊಂದಾಗಿ ಕಿತ್ತುಕೊಂಡು ಹೋದರು.

ಆ ವಿಡಿಯೋ ಮರುದಿನವೇ ಊರ ಫೋನುಗಳಲ್ಲಿ ಸುತ್ತಿತು. ಠಾಣೆಯಿಂದ ಒಬ್ಬರು ಮನೆಗೆ ಬಂದು ರೇಡಿಯೋವನ್ನು ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲಿ ಕ್ರಿಕೆಟ್ ಬರುತ್ತದೆಯೇ ಎಂದು ಕೇಳಿ, ಚಹಾ ಕುಡಿದು ಹೋದರು. ಅಷ್ಟಾದರೂ ದವಾಖಾನೆಗೆ ದನ ಬರುವುದು ಕಡಿಮೆಯಾಯಿತು. ಸಂತೆಯಲ್ಲಿ ನಾನು ಬಂದರೆ ಮಾತು ನಿಲ್ಲುತ್ತಿತ್ತು. ಮನೆಯೊಳಗೆ ನಾವೂ ಮಾತು ನಿಲ್ಲಿಸಿದ್ದೆವು. ಬಡಿಸುತ್ತ ನಾನೇನೂ ಕೇಳುತ್ತಿರಲಿಲ್ಲ. ಅವರು ಮುಂಜಾನೆ ಕೆಲಸ ಹುಡುಕಲು ಹೊರಟರೆ, ಯಾವ ಬಸ್ಸು ಹತ್ತಿದರೆಂದು ಕಿಟಕಿಯಿಂದ ನೋಡುತ್ತಿದ್ದೆ. ಸಂಜೆ ಅಂಗಿಯ ಜೇಬು ತಿರುವುತ್ತಿದ್ದೆ. ಊರು ಅವರನ್ನು ಅನುಮಾನಿಸಿದ್ದಕ್ಕಿಂತ ಹೆಚ್ಚಾಗಿ ನಾನು ಅನುಮಾನಿಸಿದೆ.

ದಸರಾ ಕಳೆದ ಮೇಲೆ ನಿಜವಾದ ಸರ್ವೆಯವರು ಬಂದರು. ದೊಡ್ಡ ವಿದ್ಯುತ್ ತಂತಿಯ ಟವರುಗಳು ಕೆರೆಯ ಬದಿಯ ಹೊಲಗಳ ಮೇಲೆ ಹೋಗುವವಂತೆ. ಜೀಪಿನಿಂದ ಇಳಿದು ಮೂರು ಕಾಲಿನ ಯಂತ್ರ ನಿಲ್ಲಿಸಿ, ಕಲ್ಲಿಗೆ ಕೆಂಪು ಬಣ್ಣ ಬಳಿಯತೊಡಗಿದ್ದೇ ತಡ, ರೈತರು ಜೀಪನ್ನು ಸುತ್ತುವರಿದರು. ಅವರಲ್ಲೊಬ್ಬ ನಮ್ಮ ಮನೆಗೆ ಓಡಿಬಂದು ನನ್ನ ಗಂಡನನ್ನು ಕರೆದ. ನಾನೂ ಹಿಂದೆಯೇ ಹೋದೆ.

ಶರಣಪ್ಪ ನನ್ನ ಗಂಡನ ರಟ್ಟೆ ಹಿಡಿದು ಸರ್ವೆಯವನ ಎದುರಿಗೆ ನಿಲ್ಲಿಸಿದ. "ಇವರು ನಿಮ್ಮ ಮನುಷಾರ ಹೌದಲ್ಲ?"

ಸರ್ವೆಯ ಹುಡುಗ ಬೆವರುತ್ತಿದ್ದ. ದಕ್ಷಿಣದ ಕಡೆಯವನು. "ಇವರು ಯಾರು ಅಂತಲೇ ನನಗೆ ಗೊತ್ತಿಲ್ಲ" ಎಂದ.

"ಕಳ್ಳರು ಮನಿಯವರ ಮುಂದ ಒಬ್ಬರಿಗೊಬ್ಬರು ಗುರತಾ ಹಿಡಿತಾರೇನು?" ಎಂದಿತು ಹಿಂದಿನಿಂದ ಒಂದು ದನಿ.

ಆಗ ನನ್ನ ಗಂಡ ತೋಳು ಬಿಡಿಸಿಕೊಂಡು ಹೇಳಿದರು: "ನನ್ನ ಮ್ಯಾಲ ಅನುಮಾನ ಇರಲಿ ಬಿಡ್ರಿ, ಅದನ್ನ ಆಮ್ಯಾಲ ನೋಡೋಣ. ಮೊದಲ ಇವರಿಗೆ ಕೇಳ್ರಿ, ಯಾರ ಹೊಲದಾಗ ಎಷ್ಟು ಟವರ್, ನೋಟಿಸ್ ಯಾಕ ಕೊಟ್ಟಿಲ್ಲ ಅಂತ. ಇವರು ಹೋದ ಮ್ಯಾಲ ಯಾರನ್ನ ಕೇಳ್ತೀರಿ?"

ಮಾತು ಆ ಕಡೆ ತಿರುಗಿತು. ನೋಟಿಸ್ ಕೊಡದೆ ಯಂತ್ರ ಇಳಿಸಬಾರದೆಂದು ರೈತರು ಪಟ್ಟು ಹಿಡಿದು ಜೀಪನ್ನು ಮರಳಿ ಕಳಿಸಿದರು. ಮುಂದೆ ಮೀಟಿಂಗುಗಳಾಗಿ, ಕೆಲವು ಟವರು ಬಂಜರು ನೆಲಕ್ಕೆ ಸರಿದವು, ಕೆಲವು ಸರಿಯಲಿಲ್ಲ. ನನ್ನ ಗಂಡನ ಮೇಲಿನ ಅನುಮಾನ ಇಂಥ ದಿನವೇ ಹೋಯಿತು ಎಂದು ಹೇಳಲಾರೆ. ಅನುಮಾನಪಡಲು ನಿಜವಾದವರು ಸಿಕ್ಕಿದ್ದರು, ಅಷ್ಟೇ.

ಅದಾದ ಕೆಲವು ದಿನಕ್ಕೆ ನಸುಕಿನಲ್ಲಿ ಶರಣಪ್ಪ ಬಾಗಿಲು ಬಡಿದ. ಅವನ ಎಮ್ಮೆ ಈಯಲಾಗದೆ ಒದ್ದಾಡುತ್ತಿತ್ತು. ಹೋಗಿ ನೋಡಿದರೆ ಕರು ಅಡ್ಡ ಹೊರಳಿತ್ತು. ಮಂಜು ಬಿದ್ದ ಹುಲ್ಲಿನ ಮೇಲೆ ಮೊಣಕಾಲೂರಿ, ತೋಳಿನತನಕ ಕೈ ಹಾಕಿ, ಬಹಳ ಹೊತ್ತು ತಿರುವಿ ತಿರುವಿ ಕಾಲು ಹಿಡಿದೆ. ಕಾಲಿಗೆ ಬಿಗಿದ ಹಗ್ಗವನ್ನು ಶರಣಪ್ಪನೂ, ನನ್ನ ಜೊತೆ ಬಂದಿದ್ದ ಗಂಡನೂ ಕೂಡಿ ಎಳೆದರು. ಕರು ನೆಲಕ್ಕೆ ಬಿದ್ದು, ಉಸಿರಾಡದೆ ಮಲಗಿ, ಮೂಗು ಒರೆಸಿ ಎದೆ ತಿಕ್ಕಿದ ಮೇಲೆ ಸೀನಿತು. ಹೆಣ್ಣುಗರು.

ಕೈ ತೊಳೆಯಲು ನೀರು ಹಾಕುತ್ತ ಶರಣಪ್ಪ ಮೆಲ್ಲಗೆ ಹೇಳಿದ. "ಆವತ್ತ ನೀವು ಜಲ್ದಿ ಹೌದಂದಿದ್ರ ನಾನು ವೈರ್ ಕೊಟ್ಟು ಹೋಗ್ತಿದ್ದೆ ಬಾಯಿ. ನೀವು ಭಾಳ ಹೊತ್ತು ಸುಮ್ಮನಿದ್ರಿ. ಹೆಂಡ್ತೀನೇ ನಂಬವಲ್ಲಳು, ನಾವ್ಯಾಕ ನಂಬಬೇಕಂತ ಅನಸ್ತು."

ನನ್ನ ಗಂಡ ಅಲ್ಲೇ ಹಗ್ಗ ಸುತ್ತುತ್ತಿದ್ದರು. ಕೇಳಿಸಿತೆಂದು ಗೊತ್ತಾಯಿತು, ಕೈ ನಿಂತಿತು. ಮನೆಗೆ ಬರುವಾಗ ದಾರಿಯಲ್ಲಿ ಅವರೇ ಹೇಳಿದರು: "ಅಕಿ ನಂಬದಂಗ ಮಾಡ್ದಾವ ನಾನು ಅಂತ ಅವಗ ಹೇಳಬೇಕಿತ್ತು. ಹೇಳ್ಲಿಕ್ಕೆ ಬಾಯಿ ಬರಲಿಲ್ಲ." ಈ ಸಲ ಅವರ ಬಾಯಿಂದ ಕಥೆ ಬರಲಿಲ್ಲ ಎನ್ನುವುದೇ ನನಗೆ ಸಾಕಾಯಿತು. ಬಾಳೆತೋಟದ ಬದುವಿನಲ್ಲಿ ಅವರ ಕೈ ಹಿಡಿದು ಕೆಸರು ದಾಟಿದೆ.

ಸುಗ್ಗಿ ಶುರುವಾದಾಗ ಬಷೀರ್ ಚಾಚಾ ಒಂದು ಮಾತು ಹಾಕಿ ನಂದೂರಿನ ಬೇರೆ ಮಿಲ್ಲಿನಲ್ಲಿ ಕೆಲಸ ಕೊಡಿಸಿದರು. ಸೀರೆಯನ್ನು ನಾನು ಇವತ್ತಿಗೂ ಉಟ್ಟಿಲ್ಲ, ಯಾರಿಗೂ ಕೊಟ್ಟೂ ಇಲ್ಲ. ಕೆಲಸಕ್ಕೆ ಹೋದ ಮೊದಲ ಸಂಜೆ ಅವರು ಊಟಕ್ಕೆ ಕುಳಿತರು. ನಾನು ಬಡಿಸಿದೆ, ಏನೂ ಕೇಳಲಿಲ್ಲ. ಅರ್ಧ ರೊಟ್ಟಿ ಮುಗಿಸಿ ಅವರು ತಟ್ಟೆಯಿಂದ ತಲೆಯೆತ್ತದೆ ಹೇಳಿದರು:

"ಇವತ್ತ ಮಿಲ್ಲಿನ್ಯಾಗ ಏನೂ ಆಗ್ಲಿಲ್ಲ, ಸುಧಾ."

ಅದನ್ನು ನಾನು ನಂಬಿದೆ.